ಹಳೆಯ ಪಟ, ಅವಸರದ ಕೈ

ಕಣ್ಣಿನ ವಿಷಯವನ್ನು ಕಿವಿಗೆ ಹೇಳಹೊರಟಿದ್ದೇನೆ. ಆದ್ದರಿಂದ ಒಂದು ಪಟವನ್ನು ನೀವೇ ಮನಸ್ಸಿನಲ್ಲಿ ಹಿಡಿದುಕೊಳ್ಳಬೇಕು. ಟ್ರಂಕಿನ ತಳದಲ್ಲೋ ಅಟ್ಟದ ಮೇಲಿನ ಗಂಟಿನಲ್ಲೋ ಸಿಕ್ಕಿದ, ಅಂಗೈಯಗಲದ ಒಂದು ಕಪ್ಪುಬಿಳುಪು ಫೋಟೋ. ಅದರ ಗಾಯಗಳನ್ನು ಒಂದೊಂದಾಗಿ ನೋಡಿ, ಯಾವುದನ್ನು ಯಾರು ಮಾಡಿದರು ಎಂದು ಕೇಳುತ್ತ ಹೋಗಿ. ಅಂಚಿನ ಹಳದಿ ಕಾಲದ ಕೆಲಸ. ಮೂಲೆಯ ಸವಕಲು ಹುಳುವಿನ ಕೆಲಸ. ನಡುವಿನ ಮಡಿಕೆ, ಪಹಣಿ ಪತ್ರಗಳ ಜೊತೆ ಸೇರಿಸಿ ಗಂಟು ಕಟ್ಟಿದವರ ಕೆಲಸ. ಸರಿ, ಕೆನ್ನೆಯಿಂದ ಭುಜದವರೆಗೆ ಎಳೆದಂತಿರುವ ಆ ಕಂದು ಪಟ್ಟಿ? ಅದು ಹರಿದದ್ದನ್ನು ಕೂಡಿಸಲು ಯಾರೋ ಪ್ರೀತಿಯಿಂದಲೇ ಅಂಟಿಸಿದ ಸೆಲೋಟೇಪು. ಸೆರಗಿನ ಮೇಲೆ ಎದ್ದಿರುವ ಗುಳ್ಳೆಗಳು? ಹಿಂದಿನ ರಟ್ಟಿಗೆ ಬಳಿದ ಫೆವಿಕಾಲು. ಹಣೆಯ ಬಳಿ ಚಿತ್ರವೇ ಅಳಿಸಿಹೋಗಿರುವ ಬಿಳಿ ಮಚ್ಚೆ? ಧೂಳು ಹೋಗಲೆಂದು ಒದ್ದೆ ಬಟ್ಟೆಯಲ್ಲಿ ತಿಕ್ಕಿದ್ದು. ಕಾಲ ಮಾಡುವ ಹಾನಿ ನಿಧಾನವಾದದ್ದು, ಬಹುಮಟ್ಟಿಗೆ ತಡೆಯಬಹುದಾದದ್ದು. ರಿಪೇರಿ ಮಾಡುವ ಹಾನಿ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ; ಅದನ್ನು ಹಿಂದಕ್ಕೆ ತರುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಇಂದು ನಾನು ವಾದಿಸಬೇಕೆಂದಿರುವುದು ಇಷ್ಟು: ಹಾಳಾದ ಫೋಟೋವನ್ನು ಮನೆಯಲ್ಲೇ ದುರಸ್ತಿ ಮಾಡಬಹುದು, ಮಾಡಲೂಬೇಕು. ಆದರೆ ಮೂಲ ಫೋಟೋದ ಮೇಲೆ ನಡೆಯಬೇಕಾದದ್ದು ಕೆಡುವುದನ್ನು ನಿಲ್ಲಿಸುವ ಕೆಲಸ ಮಾತ್ರ. ಅಂದ ಕೂಡಿಸುವ ಕೆಲಸವೆಲ್ಲ ಅದರ ಪ್ರತಿಯ ಮೇಲೆ ನಡೆಯಲಿ.

ಈ ಮಾತಿಗೆ ಬೆಂಗಳೂರಿನ ಪಶ್ಚಿಮದ ಮಲ್ಲತ್ತಹಳ್ಳಿಯಂಥ ಊರು ತಕ್ಕ ಜಾಗ. ಈಗ ಹೆಸರಿನ ಕೊನೆಯಲ್ಲಿ ಮಾತ್ರ ಹಳ್ಳಿ ಉಳಿದಿರುವ ಊರು ಅದು. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಪಕ್ಕದ ಜ್ಞಾನಭಾರತಿಗೆ ಬಂತು. ಆಮೇಲೆ ಒಂದು ಮಗ್ಗುಲಿಗೆ ನಾಗರಬಾವಿ ಬೆಳೆಯಿತು, ಇನ್ನೊಂದು ಮಗ್ಗುಲಿಗೆ ವಿಶ್ವೇಶ್ವರಯ್ಯ ಬಡಾವಣೆ ಬಂತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ನಗರದ ಸುತ್ತಲಿನ 110 ಹಳ್ಳಿಗಳು ಅದರೊಳಗೆ ಸೇರಿದವು. 2021ರಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿತು. ಹೊಲ ಸೈಟಾಯಿತು, ಸೈಟು ಮೂರಂತಸ್ತಾಯಿತು. ಇದೇ ಊರಿನ ಕಲಾಗ್ರಾಮದಲ್ಲಿ 2013ರ ಡಿಸೆಂಬರಿನಲ್ಲಿ ಜಿ.ಎಸ್. ಶಿವರುದ್ರಪ್ಪನವರ, 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆಯಿತು. ಆ ದಿನಗಳ ಚಿತ್ರಗಳು ಪತ್ರಿಕಾ ಕಚೇರಿಗಳಲ್ಲಿವೆ. ಅವನ್ನು ಕಾಯುವುದು ಯಾರದೋ ಉದ್ಯೋಗ. ಆದರೆ ಅದಕ್ಕೆ ಐವತ್ತು ವರ್ಷ ಮೊದಲು ಇಲ್ಲಿ ರಾಗಿಹೊಲ ಎಲ್ಲಿಯವರೆಗಿತ್ತು, ಮನೆಯ ಮಾಡಿಗೆ ಯಾವ ಹೆಂಚು ಹೊದಿಸುತ್ತಿದ್ದರು, ಜಾತ್ರೆಗೆ ಹೆಂಗಸರು ಹೇಗೆ ಸೀರೆ ಉಡುತ್ತಿದ್ದರು ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಇದ್ದರೆ ನಡುಮನೆಯ ಗೋಡೆಯ ಮೇಲೆ, ದೇವರ ಗೂಡಿನ ಪಕ್ಕ, ಹಾರ ಹಾಕಿಸಿಕೊಂಡು ನೇತಾಡುತ್ತಿದೆ. ಅದನ್ನು ಕಾಯಲು ಇಲಾಖೆಯಿಲ್ಲ. ಸೊಸೆಯೋ ಮೊಮ್ಮಗನೋ ಒರೆಸಿದರೆ ಉಂಟು, ಒರೆಸಿ ಕೆಡಿಸಿದರೆ ಇಲ್ಲ.

ಫೋಟೋ ಎಂದರೆ ಕಾಗದ ಎಂದುಕೊಳ್ಳುವುದರಲ್ಲೇ ಮೊದಲ ತಪ್ಪು ಶುರುವಾಗುತ್ತದೆ. ಚಿತ್ರ ಇರುವುದು ಕಾಗದದಲ್ಲಲ್ಲ, ಕಾಗದದ ಮೇಲೆ. ಕಳೆದ ಶತಮಾನದ ಮಾಮೂಲು ಕಪ್ಪುಬಿಳುಪು ಫೋಟೋವನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಳದಲ್ಲಿ ಕಾಗದ, ಅದರ ಮೇಲೆ ಬೇರಿಯಂ ಸಲ್ಫೇಟಿನ ಬಿಳಿ ಲೇಪ, ಎಲ್ಲಕ್ಕಿಂತ ಮೇಲೆ ಜಿಲೆಟಿನ್ ಕಾಣುತ್ತದೆ. ಆ ಜಿಲೆಟಿನ್ನಿನೊಳಗೆ ಸಿಕ್ಕಿಕೊಂಡಿರುವ ಬೆಳ್ಳಿಯ ಕಣಗಳೇ ನಿಮ್ಮ ಅಜ್ಜಿಯ ಮುಖ. ಜಿಲೆಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಔಷಧದ ಕ್ಯಾಪ್ಸೂಲಿನ ಹೊರಕವಚವೂ ಅದೇ. ನಾಲಗೆಯ ಮೇಲೆ ಕ್ಯಾಪ್ಸೂಲ್ ಹೇಗೆ ಅಂಟಂಟಾಗುತ್ತದೆ ಎಂದು ಬಲ್ಲವರಿಗೆ ಫೋಟೋವನ್ನು ಒದ್ದೆ ಬಟ್ಟೆಯಲ್ಲಿ ಏಕೆ ತಿಕ್ಕಬಾರದೆಂದು ಬೇರೆ ಹೇಳಬೇಕಿಲ್ಲ. ನೀರು ತಗಲಿದರೆ ಅದು ಊದುತ್ತದೆ, ಮೆತ್ತಗಾಗುತ್ತದೆ. ಒಣಗಿದರೆ ಬಿಗಿದು ಇಡೀ ಫೋಟೋವನ್ನು ಸುರುಳಿ ಸುತ್ತಿಸುತ್ತದೆ. ಬೂಷ್ಟಿಗೆ ಅದು ಊಟ. ಬೆಳ್ಳಿಯೂ ಸುಮ್ಮನೆ ಕೂತಿರುವ ಲೋಹವಲ್ಲ. ಕಪಾಟಿನಲ್ಲಿಟ್ಟ ಬೆಳ್ಳಿ ದೀಪ ಮುಂದಿನ ಹಬ್ಬದ ಹೊತ್ತಿಗೆ ಕಪ್ಪಾಗಿರುವ ಹಾಗೆ, ಗಾಳಿಯಲ್ಲಿರುವ ಗಂಧಕದಿಂದ ಫೋಟೋದ ಬೆಳ್ಳಿ ಹಳದಿಗೆ ತಿರುಗುತ್ತದೆ. ಅಂಚುಗಳಲ್ಲಿ ಮೇಲ್ಮೈಗೆ ಬಂದು ಕನ್ನಡಿಯಂತೆ ನೀಲಿಯಾಗಿ ಮಿಂಚುತ್ತದೆ. ಕೆಲವು ಹಳದಿ ಕಲೆಗಳು ಮನೆಯಲ್ಲಿ ಹುಟ್ಟಿದವೇ ಅಲ್ಲ. ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣವನ್ನು ಸರಿಯಾಗಿ ತೊಳೆಯದೆ ಬಿಟ್ಟಾಗಲೇ ಅವುಗಳ ಬೀಜ ಬಿದ್ದಿರುತ್ತದೆ. ಅವು ಕೊಳೆಯಲ್ಲ. ಯಾವ ಸೋಪಿಗೂ ಅವು ಹೋಗುವುದಿಲ್ಲ, ತಿಕ್ಕಿದರೆ ಮುಖ ಹೋಗುತ್ತದೆ.

ಇದು ಒಂದು ಜಾತಿಯಾಯಿತು. 1960ರ ದಶಕದ ಕೊನೆಯಿಂದ ಎರಡೂ ಬದಿಗೆ ಪ್ಲಾಸ್ಟಿಕ್ ಲೇಪವಿರುವ ಫೋಟೋ ಕಾಗದ ಬಳಕೆಗೆ ಬಂತು. ನಮ್ಮಲ್ಲಿ ಕಲರ್ ಲ್ಯಾಬುಗಳು ಹರಡಿದಾಗ ಮದುವೆ ಆಲ್ಬಮ್ಮುಗಳಿಗೆ ಬಂದದ್ದು ಇದೇ. ಹಿಂಬದಿಯನ್ನು ಉಗುರಿನಿಂದ ಸವರಿದರೆ ಕಾಗದದ ಒರಟು ಸಿಗುವುದಿಲ್ಲ, ಜಾರುತ್ತದೆ. ಕಂಪನಿಯ ಹೆಸರು ಓರೆಯಾಗಿ ಅಚ್ಚಾಗಿರುವುದೂ ಉಂಟು. ಈ ಕಲರ್ ಫೋಟೋಗಳಲ್ಲಿ ಬೆಳ್ಳಿಯ ಬದಲು ಮೂರು ಬಣ್ಣಗಳ ಪದರಗಳಿವೆ. ಆ ಕಾಲದ ಬಣ್ಣಗಳಲ್ಲಿ ನೀಲಿಹಸಿರು ಕತ್ತಲಲ್ಲಿಟ್ಟರೂ ಬೇಗ ಮಾಸುವಂಥದು. ಆದ್ದರಿಂದಲೇ 1970ರ ದಶಕದ ಮದುಮಕ್ಕಳು ಈಗ ಕೆಂಪು ಬೆಳಕಿನಲ್ಲಿ ನಿಂತಂತೆ ಕಾಣುತ್ತಾರೆ. ಇನ್ನು ಇತ್ತೀಚಿನದು ಇಂಕ್‌ಜೆಟ್ ಮುದ್ರಣ: ಮನೆಯಲ್ಲೋ ಝೆರಾಕ್ಸ್ ಅಂಗಡಿಯಲ್ಲೋ ತೆಗೆಸಿದ್ದು. ಅದರ ಮೇಲೆ ಒಂದು ಹನಿ ನೀರು ಬಿದ್ದರೂ ಶಾಯಿ ಹರಡಿಹೋಗಬಹುದು. ಇಷ್ಟನ್ನು ಏಕೆ ಹೇಳಬೇಕಾಯಿತೆಂದರೆ, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ನೆನೆದ ಹಳೆಯ ಕಪ್ಪುಬಿಳುಪು ಫೋಟೋವನ್ನು ತಣ್ಣೀರಿನಲ್ಲಿ ತೊಳೆಯಬಹುದು ಎಂದು ಓದಿದವರು ಅದೇ ಬಕೆಟ್ಟಿಗೆ ಇಂಕ್‌ಜೆಟ್ ಮುದ್ರಣವನ್ನೂ ಹಾಕಿದರೆ ಬಕೆಟ್ಟಿನ ನೀರಿಗೆ ಬಣ್ಣ ಬರುತ್ತದೆ, ಕೈಗೆ ಬಿಳಿ ಹಾಳೆ ಬರುತ್ತದೆ.

ಮನೆಯೊಳಗೆ ಫೋಟೋ ಕೆಡುವ ಬಗೆಯನ್ನು ನೋಡಿದರೆ ಅದರಲ್ಲಿ ನಮ್ಮ ಭಕ್ತಿಯ ಪಾಲು ಸಣ್ಣದಲ್ಲ. ಹಿರಿಯರ ಪಟಕ್ಕೆ ಕುಂಕುಮವಿಡುತ್ತೇವೆ, ಮುಂದೆ ದೀಪ, ಗಂಧದಕಡ್ಡಿ, ಮೇಲೆ ನೀರು ಸುರಿಯುವ ಹೂವಿನ ಹಾರ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮುನ್ನ ಪಟವನ್ನು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದೇ ಮೊಳೆಗೆ ನೇತುಹಾಕುತ್ತೇವೆ. ಗಾಜಿನ ಅಂಚಿನಿಂದ ಇಳಿದ ನೀರು ಒಳಗಿನ ರಟ್ಟಿಗೆ ಸೇರುತ್ತದೆ. ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಹೀಗೆ ವರ್ಷಗಟ್ಟಲೆ ತೇವ ಕುಡಿದ ಜಿಲೆಟಿನ್ ಗಾಜಿಗೆ ಒತ್ತಿಕೊಂಡು ಅಂಟಿಬಿಡುತ್ತದೆ. ಕಟ್ಟು ಬಿಚ್ಚಿದವರು ಕಾಣುವುದು ಇದನ್ನೇ, ಮಾಡುವ ಮೊದಲ ತಪ್ಪೂ ಇಲ್ಲೇ: ಮೂಲೆ ಹಿಡಿದು ಎಳೆಯುವುದು. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಅಂಟಿದ ಫೋಟೋವನ್ನು ಗಾಜಿನಿಂದ ಬಿಡಿಸಲು ಮನೆಯಲ್ಲಿ ಪ್ರಯತ್ನಿಸಲೇಬಾರದು. ಬಿಸಿಗಾಳಿ, ಆವಿ, ಬ್ಲೇಡು, ದಾರ ಇವೆಲ್ಲ ಒಮ್ಮೆ ಗೆದ್ದರೆ ನಾಲ್ಕು ಬಾರಿ ಸೋಲುವ ಉಪಾಯಗಳು. ಗಾಜು ಅಲ್ಲೇ ಇರಲಿ. ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಲೆನ್ಸಿನಷ್ಟೇ ತೂತು ಮಾಡಿದ ಕರಿ ಬಟ್ಟೆಯೊಂದನ್ನು ಮೊಬೈಲಿಗೆ ಅಡ್ಡ ಹಿಡಿದು ಗಾಜಿನ ಮೂಲಕವೇ ಚಿತ್ರ ತೆಗೆಯಿರಿ. ನಿಮ್ಮ ಕೈ, ಮುಖ, ಹಿಂದಿನ ಟ್ಯೂಬ್‌ಲೈಟು ಗಾಜಿನಲ್ಲಿ ಮೂಡದಿರಲು ಆ ಕರಿ ಬಟ್ಟೆ. ಗಾಜಿನೊಳಗೇ ಇದ್ದರೂ ಫೋಟೋ ಇದೆ. ಗಾಜಿನಿಂದ ಸುಲಿದ ಮೇಲೆ ಇಲ್ಲ.

ಈಗ ಸೆಲೋಟೇಪಿನ ವಿಷಯಕ್ಕೆ ಬರೋಣ. ಈ ಪಾರದರ್ಶಕ ಟೇಪು 1930ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು. ಪೊಟ್ಟಣ ಮುಚ್ಚಲು ಹುಟ್ಟಿದ ವಸ್ತುವೇ ಹೊರತು ಎಂಬತ್ತು ವರ್ಷ ಉಳಿಯಬೇಕಾದ ಚಿತ್ರಕ್ಕಲ್ಲ. ಅದರ ರಬ್ಬರಿನ ಅಂಟು ಮೊದಲು ಮೆತ್ತಗಾಗಿ ಎಣ್ಣೆಯಂತೆ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ಕಂದಾಗಿ ಗಟ್ಟಿಯಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಪಟ್ಟಿ ತಾನಾಗಿ ಉದುರುತ್ತದೆ, ಕಲೆ ಉಳಿಯುತ್ತದೆ. ಫೆವಿಕಾಲ್ ಜಾತಿಯ ಬಿಳಿ ಅಂಟು ಮರಗೆಲಸಕ್ಕೆ ಒಳ್ಳೆಯದಾಗಿರುವ ಕಾರಣಕ್ಕೇ ಫೋಟೋಗೆ ಕೆಟ್ಟದ್ದು, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಲ್ಯಾಮಿನೇಷನ್ ಬಗ್ಗೆ ಮಾತ್ರ ಎದುರುವಾದ ಬಲವಾಗಿದೆ. ಮಳೆನೀರು, ಕೈಬೆವರು, ಮಕ್ಕಳ ಕೈಯ ಎಣ್ಣೆ ಯಾವುದೂ ಒಳಗೆ ಹೋಗುವುದಿಲ್ಲವಲ್ಲ, ಇಪ್ಪತ್ತು ರೂಪಾಯಿಯಲ್ಲಿ ಇಷ್ಟು ರಕ್ಷಣೆ ಇನ್ನೆಲ್ಲಿ ಸಿಗುತ್ತದೆ, ಎಂದು ಕೇಳುವವರಿದ್ದಾರೆ. ದೊಡ್ಡ ದೊಡ್ಡ ಪತ್ರಾಗಾರಗಳೂ ಒಂದು ಕಾಲಕ್ಕೆ ಹೀಗೇ ಯೋಚಿಸಿದ್ದವು. ಕಳೆದ ಶತಮಾನದ ನಡುವೆ ಅಮೂಲ್ಯ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ನಡುವೆ ಸೇರಿಸಿ ಲ್ಯಾಮಿನೇಟ್ ಮಾಡುವುದು ಹಲವು ದೇಶಗಳಲ್ಲಿ ನಡೆಯಿತು. ದೆಹಲಿಯ ನಮ್ಮ ರಾಷ್ಟ್ರೀಯ ಪತ್ರಾಗಾರ ಯಂತ್ರವಿಲ್ಲದೆ ಅಸಿಟೋನ್ ಬಳಸಿ ಕೈಯಿಂದಲೇ ಅದನ್ನು ಮಾಡುವ ಕ್ರಮವನ್ನು ರೂಪಿಸಿತ್ತು. ಆಮೇಲೆ ತಿಳಿದದ್ದು, ಆ ಹಾಳೆಯೇ ಹಳತಾದಂತೆ ಅಸಿಟಿಕ್ ಆಮ್ಲ ಬಿಡುತ್ತದೆ, ಒಳಗಿನ ಆಮ್ಲವೂ ಹೊರಗೆ ಹೋಗದೆ ಕಾಗದವನ್ನು ತಿನ್ನುತ್ತದೆ ಎಂದು. ಅಂಗಡಿಯ ಲ್ಯಾಮಿನೇಷನ್ ಬೇರೆ ಪ್ಲಾಸ್ಟಿಕ್ಕಿನದು, ನಿಜ. ಆದರೆ ಅದರಲ್ಲೂ ಬಿಸಿಗೆ ಕರಗಿದ ಅಂಟು ಜಿಲೆಟಿನ್ನಿಗೇ ಕಚ್ಚಿಕೊಳ್ಳುತ್ತದೆ. ಒಳಗೆ ತೇವವಿದ್ದರೆ ಒಳಗೇ ಬೂಷ್ಟು. ಅದೇ ಇಪ್ಪತ್ತು ರೂಪಾಯಿಗೆ ಒಳ್ಳೆಯ ಕಾಗದದ ಲಕೋಟೆಯೋ ಅಂಟಿಲ್ಲದ ಪಾಲಿಯೆಸ್ಟರ್ ಹಾಳೆಯ ಚೀಲವೋ ಬರುತ್ತದೆ. ಬೇಡವೆನಿಸಿದ ದಿನ ಹೊರಗೆ ತೆಗೆಯಬಹುದು. ಮನೆಯ ದುರಸ್ತಿಗೆ ಒರೆಗಲ್ಲು ಇದೇ. ಇಂದು ಮಾಡಿದ್ದನ್ನು ನಾಳೆ ಬಿಡಿಸಲು ಆಗುತ್ತದೆಯೇ? ಆಗುವುದಾದರೆ ಮಾಡಿ.

ಹಾಗಾದರೆ ಮಾಡಬಹುದಾದದ್ದು ಯಾವುದು? ಎಲ್ಲಕ್ಕಿಂತ ಮೊದಲು ಪ್ರತಿ. ಬ್ರಷ್ ತಾಗಿಸುವುದಕ್ಕೂ ಮುಂಚೆ, ಮಡಿಕೆ ಬಿಡಿಸುವುದಕ್ಕೂ ಮುಂಚೆ. ಚಪ್ಪಟೆಯಾಗಿ ಕೂರುವ ಫೋಟೋ ಆದರೆ ಸ್ಕ್ಯಾನರಿನಲ್ಲಿ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯ ಸಣ್ಣದಾದರೆ 1200. ಸುರುಳಿಯಾಗಿದ್ದರೆ ಸ್ಕ್ಯಾನರಿನ ಮುಚ್ಚಳ ಒತ್ತಬೇಡಿ, ಮೇಲಿನಿಂದ ಮೊಬೈಲಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಹಿಂಬದಿಯನ್ನೂ ತೆಗೆಯಿರಿ, ಅದರಲ್ಲಿ ಏನೂ ಇಲ್ಲವೆನಿಸಿದರೂ. ತೆಗೆದದ್ದನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಆಮೇಲೆ ಧೂಳು. ಮೇಕಪ್ಪಿಗೆ ಬಳಸುವಂಥ ಮೆತ್ತನೆಯ ಹೊಸ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ, ತೂಕ ಹಾಕದೆ ಒರೆಸಿದರೆ ಸಾಕು. ಜಿಲೆಟಿನ್ ಚಕ್ಕೆ ಏಳುತ್ತಿದ್ದರೆ ಅದೂ ಬೇಡ. ಬೂಷ್ಟು ಇದ್ದರೆ ಮೊದಲು ಗಾಳಿಯಾಡುವ ನೆರಳಿನಲ್ಲಿಟ್ಟು ಪೂರ್ತಿ ಒಣಗಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊರಗಡೆ ಒರೆಸಬೇಕು. ಹಸಿ ಬೂಷ್ಟನ್ನು ಒರೆಸಿದರೆ ಅದು ಚಿತ್ರದೊಳಕ್ಕೇ ಮೆತ್ತಿಕೊಳ್ಳುತ್ತದೆ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದಲ್ಲ ಎನ್ನಬಹುದು. ಸಂಡಿಗೆಗೆ ಸರಿ, ಫೋಟೋ ಸುರುಳಿಯಾಗಿ ಬಿರಿಯುತ್ತದೆ. ಸುರುಳಿ ಬಿಡಿಸಲು ಇಸ್ತ್ರಿ ಪೆಟ್ಟಿಗೆ ಕೂಡದು. ಇಲ್ಲಿ ಮಾತ್ರ ನಮ್ಮ ಆಷಾಢದ ಥಂಡಿ ಉಪಕಾರಿ. ಜಿಲೆಟಿನ್ ತಾನಾಗಿ ಸ್ವಲ್ಪ ಸಡಿಲಗೊಂಡಿರುವ ಆ ದಿನಗಳಲ್ಲಿ ಎರಡು ಬ್ಲಾಟಿಂಗ್ ಕಾಗದಗಳ ನಡುವೆ ಇಟ್ಟು, ಮೇಲೊಂದು ಹಗುರ ತೂಕವಿಟ್ಟು, ಎರಡು ಮೂರು ವಾರ ಮರೆತುಬಿಡಬೇಕು. ಮರೆಯುವುದೇ ಈ ಕೆಲಸದಲ್ಲಿ ಕಷ್ಟದ್ದು.

ಹರಿದದ್ದನ್ನು ಕೂಡಿಸಲು ನಮ್ಮ ಅಡುಗೆಮನೆಯಲ್ಲೇ ಉತ್ತರವಿದೆ. ಪ್ರಪಂಚದ ಸಂರಕ್ಷಣಾಲಯಗಳು ಇವತ್ತಿಗೂ ನೆಚ್ಚಿಕೊಂಡಿರುವ ಅಂಟುಗಳಲ್ಲಿ ಒಂದು ಗೋಧಿ ಪಿಷ್ಟದ್ದು. ಹಾಲ್ಬಾಯಿಗೆಂದು ಗೋಧಿ ನೆನೆಸಿ ರುಬ್ಬಿ ಹಾಲು ತೆಗೆಯುವವರಿಗೆ ಆ ಪಿಷ್ಟ ಹೊಸದಲ್ಲ. ಹಾಲನ್ನು ಬಟ್ಟೆಯಲ್ಲಿ ಸೋಸಿ ಇಟ್ಟರೆ ತಳದಲ್ಲಿ ಕೂರುವ ಬಿಳಿಯದೇ ಅದು. ಮೈದಾ ಅಂಟು ಏಕೆ ಬೇಡವೆಂದರೆ, ಅದರಲ್ಲಿ ಗೋಧಿಯ ಜಿಗುಟೂ ಸೇರಿರುತ್ತದೆ. ಅದು ಹುಳುವನ್ನು ಕರೆಯುತ್ತದೆ, ಒಣಗಿದ ಮೇಲೆ ಬಿರುಸಾಗುತ್ತದೆ. ಪುಸ್ತಕ ಕಟ್ಟುವವರು ಹುಳು ಬರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಹಾಕುವುದುಂಟು. ರಟ್ಟಿನ ಪುಸ್ತಕಕ್ಕೆ ಅದು ನಡೆದೀತು, ಬೆಳ್ಳಿಯಿರುವ ಫೋಟೋದ ಹತ್ತಿರ ಅದನ್ನು ತರಬಾರದು. ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ನೀರು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಿಳುಪು ಹೋಗಿ ಕನ್ನಡಿಯಂತಾದಾಗ ಇಳಿಸಿ, ಆರಿದ ಮೇಲೆ ಜರಡಿಯಲ್ಲಿ ಸೋಸಿ. ತೆಳು ಜಪಾನಿ ಕಾಗದದ ಬೆರಳಗಲದ ಪಟ್ಟಿಯೊಂದನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದುಕೊಳ್ಳಬೇಕು. ನಾರಿನ ಅಂಚು ಹಿಡಿತ ಕೊಡುತ್ತದೆ, ಗೆರೆ ಮೂಡುವುದಿಲ್ಲ. ಪಟ್ಟಿಗೆ ಅಂಟು ಹಚ್ಚಿ, ಹೆಚ್ಚಿನ ತೇವವನ್ನು ಬ್ಲಾಟಿಂಗ್ ಕಾಗದಕ್ಕೆ ಹೀರಿಸಿ, ಅದು ಇನ್ನೇನು ಒಣಗಿತು ಎನ್ನುವಾಗ ಫೋಟೋದ ಹಿಂಬದಿಗೆ ಕೂರಿಸಿ ತೂಕವಿಡುವುದು. ಹಿಂಬದಿಗೆ ಮಾತ್ರ, ಮುಂಬದಿಗೆ ಎಂದೂ ಇಲ್ಲ. ಬೇಡವಾದ ದಿನ ಅದೇ ಪಟ್ಟಿಯನ್ನು ತುಸು ತೇವದಿಂದ ಬಿಡಿಸಿಕೊಳ್ಳಬಹುದು. ಪ್ಲಾಸ್ಟಿಕ್ ಲೇಪದ ಕಲರ್ ಫೋಟೋಗೆ ಈ ಅಂಟು ಹಿಡಿಯುವುದೇ ಇಲ್ಲ. ಅದರ ತುಂಡುಗಳನ್ನು ಒಂದೇ ಲಕೋಟೆಯಲ್ಲಿ ಜೋಡಿಸಿಟ್ಟು, ಕೂಡಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿರುವ ಪ್ರತಿಗೆ ಬಿಟ್ಟರಾಯಿತು.

ನೀರು ನುಗ್ಗಿದ ಮನೆಯ ಲೆಕ್ಕ ಬೇರೆ. ಅಲ್ಲಿ ಕಾಯುವುದು ತಪ್ಪು. ನೆನೆದ ಫೋಟೋಗಳು ಒಂದರ ಮೇಲೊಂದು ಒಣಗಲು ಬಿಟ್ಟರೆ ಇಟ್ಟಿಗೆಯಾಗುತ್ತವೆ. ಎರಡು ದಿನ ಕಳೆದರೆ ಬೂಷ್ಟು, ಬ್ಯಾಕ್ಟೀರಿಯ ಜಿಲೆಟಿನ್ನನ್ನು ತಿನ್ನತೊಡಗುತ್ತವೆ. 2011ರ ಸುನಾಮಿಯ ನಂತರ ಜಪಾನಿನ ಯಮಾಮೊಟೊ ಎಂಬ ಸಣ್ಣ ಊರಿನಲ್ಲಿ ಕೆಸರಿನಿಂದ ಎತ್ತಿದ ಸುಮಾರು 7.5 ಲಕ್ಷ ಫೋಟೋಗಳನ್ನು ಸ್ವಯಂಸೇವಕರು ತೊಳೆದು, ಒಣಗಿಸಿ, ಪ್ರತಿ ಮಾಡಿ, ವಾರಸುದಾರರನ್ನು ಹುಡುಕಲು ಹೊರಟರು. ಅವರ ಕೈಯಲ್ಲಿದ್ದದ್ದು ತಣ್ಣೀರು, ಮೆತ್ತನೆಯ ಬ್ರಷ್ಷು, ಬಟ್ಟೆ ಒಣಹಾಕುವ ಹಗ್ಗ. ಕೊಡಗಿನಲ್ಲಿ 2018ರಲ್ಲಿ, ಉತ್ತರ ಕರ್ನಾಟಕದಲ್ಲಿ 2019ರಲ್ಲಿ ಮನೆಗಳೊಳಗೆ ನೀರು ನುಗ್ಗಿದಾಗ ಕೊಚ್ಚಿಹೋದವುಗಳಲ್ಲಿ ಇಂಥ ಪಟಗಳೂ ಇರಲೇಬೇಕು. ಅವುಗಳ ಲೆಕ್ಕ ಯಾವ ಪರಿಹಾರದ ಅರ್ಜಿಯಲ್ಲೂ ಬರುವುದಿಲ್ಲ. ಬೆಂಗಳೂರಿನ ತಗ್ಗು ರಸ್ತೆಗಳಲ್ಲಿ ನೆಲಮಹಡಿಗೆ ಚರಂಡಿ ನೀರು ಬರುವುದು ವಿಶೇಷ ಸುದ್ದಿಯಲ್ಲ. ಅಂಥ ದಿನ ಮಾಡಬೇಕಾದದ್ದು ಇಷ್ಟು: ಒಂದಕ್ಕೊಂದು ಅಂಟಿದ ಫೋಟೋಗಳನ್ನು ಒಣಗುವ ಮೊದಲೇ ತಣ್ಣೀರಿನ ಅಗಲ ಪಾತ್ರೆಯಲ್ಲಿಟ್ಟು ತಾವಾಗಿ ಬಿಡುವಂತೆ ಮಾಡಿ, ಮುಖ ಮುಟ್ಟದೆ ಎತ್ತಿ, ಮುಖ ಮೇಲಾಗಿ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ. ರಾಶಿ ದೊಡ್ಡದಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಒಂದೊಂದಾಗಿ ತೆಗೆದು ತೊಳೆಯಲು ಸಮಯ ಸಿಗುತ್ತದೆ. ಗಾಜಿನ ನೆಗೆಟಿವನ್ನು ಮಾತ್ರ ಹಾಗೆ ಇಡಬಾರದು, ಇಂಕ್‌ಜೆಟ್ಟನ್ನು ನೀರಿಗೆ ಇಳಿಸಬಾರದು.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬರು ತಾಳ್ಮೆಗೆಟ್ಟು ಕೇಳಬಹುದು: ಸ್ವಾಮಿ, ನನಗೆ ಬೇಕಾದದ್ದು ಕಾಗದವಲ್ಲ, ನಮ್ಮಮ್ಮನ ಮುಖ, ತಿಥಿಯ ದಿನ ಗೋಡೆಯ ಮೇಲೆ ಇಡಲು ಒಂದು ಸ್ಪಷ್ಟವಾದ ಪಟ. ಈ ಬೇಡಿಕೆ ನ್ಯಾಯವಾದದ್ದು. ಕೆಲವು ಮನೆಗಳಲ್ಲಿ ಹಿರಿಯರ ಒಂದೇ ಚಿತ್ರವೆಂದರೆ ಮತದಾರರ ಗುರುತಿನ ಚೀಟಿಯದು. 1993ರಿಂದ ಬಂದ ಆ ಚೀಟಿ ಅವರ ಪಾಲಿಗೆ ಸ್ಟುಡಿಯೋವೂ ಆಯಿತು. ಅದನ್ನು ದೊಡ್ಡದು ಮಾಡಿಸಿ, ಕಲೆ ತೆಗೆಸಿ, ಕಟ್ಟು ಹಾಕಿಸಿಕೊಳ್ಳುವುದು ಖಂಡಿತ ತಪ್ಪಲ್ಲ. ಪ್ರತಿಯ ಮೇಲೆ ಎಷ್ಟು ಬೇಕಾದರೂ ತಿದ್ದಿ. ಆದರೆ ಅಲ್ಲೂ ಒಂದು ಗೆರೆಯಿದೆ. ಗೀರು ಮುಚ್ಚುವುದು, ಮಾಸಿದ ಬಣ್ಣವನ್ನು ಸಮತೂಕಕ್ಕೆ ತರುವುದು ಒಂದು. ಇಲ್ಲದ ಕಣ್ಣನ್ನು ಬರೆಯುವುದು ಇನ್ನೊಂದು. ಈಗ ಮೊಬೈಲಿನಲ್ಲೇ ಸಿಗುವ ಕೃತಕ ಬುದ್ಧಿಮತ್ತೆಯ ಆ್ಯಪುಗಳು ಮಾಡುವುದು ಎರಡನೆಯದನ್ನು. ಮಸುಕಾದ ಮುಖದಲ್ಲಿ ರೆಪ್ಪೆಯ ಮಾಹಿತಿಯೇ ಇಲ್ಲದಿದ್ದಾಗ ಅದು ರೆಪ್ಪೆಯನ್ನು ಎಲ್ಲಿಂದ ತರುತ್ತದೆ? ತಾನು ಕಲಿತ ಲಕ್ಷಾಂತರ ಬೇರೆಯವರ ಮುಖಗಳಿಂದ. ಹೀಗೆ ಬಂದ ಚಿತ್ರ ಚೂಪಾಗಿರುತ್ತದೆ, ಹೊಳೆಯುತ್ತದೆ, ನಿಮ್ಮ ತಾಯಿಯ ವಯಸ್ಸಿನ ಬೇರೊಬ್ಬ ಹೆಂಗಸಿನದಾಗಿರುತ್ತದೆ. ಸಿಡುಬಿನ ಕಲೆ ಹೋಗುತ್ತದೆ, ಮೂಗುಬೊಟ್ಟು ಪಕ್ಕ ಬದಲಿಸುತ್ತದೆ, ಹಣೆಯ ಹಚ್ಚೆ ಕೊಳೆಯೆಂದು ಅಳಿಸಿಹೋಗುತ್ತದೆ. ಅವರನ್ನು ಕಂಡಿದ್ದವರು ಇರುವವರೆಗೆ ಅದು ತಪ್ಪೆಂದು ಹೇಳುವವರಿರುತ್ತಾರೆ. ಮೂಲವನ್ನು ಎಸೆದು ಇದನ್ನೇ ಉಳಿಸಿಕೊಂಡರೆ ಮುಂದಿನ ತಲೆಮಾರಿಗೆ ಇದೇ ಅಜ್ಜಿ.

ಇದಕ್ಕೆ ಒಂದು ಜಾಣ ಪ್ರತ್ಯುತ್ತರವುಂಟು. ಸ್ಟುಡಿಯೋಗಳು ಹಿಂದಿನಿಂದಲೂ ತಿದ್ದುತ್ತಲೇ ಬಂದಿವೆಯಲ್ಲ? ನೆಗೆಟಿವ್ ಮೇಲೆ ಸೀಸದಕಡ್ಡಿಯಿಂದ ಗೀರಿ ಸುಕ್ಕು ಮಾಯಮಾಡಿದವರು, ಕಪ್ಪುಬಿಳುಪು ಪಟಕ್ಕೆ ಕೈಯಲ್ಲಿ ಗುಲಾಬಿ ಕೆನ್ನೆ, ಹಸಿರು ರವಿಕೆ ಬಳಿದವರು, ಗುಂಪಿನ ಫೋಟೋದಿಂದ ಒಂದೇ ತಲೆ ಕತ್ತರಿಸಿ ನೀಲಿ ಆಕಾಶದಲ್ಲಿ ತೇಲಿಸಿದವರು ಅವರೇ ಅಲ್ಲವೇ? ಹೌದು. ಆದರೆ ಸೀಸದಕಡ್ಡಿಯವನ ಎದುರಿಗೆ ಆ ವ್ಯಕ್ತಿ ಕುರ್ಚಿಯಲ್ಲಿ ಕೂತಿದ್ದರು, ತಿದ್ದಿದ್ದು ಅವರ ಒಪ್ಪಿಗೆಯಿಂದ. ಆ ಅಲಂಕಾರವೂ ಆ ಕಾಲದ ಅಭಿರುಚಿಯ ಸಾಕ್ಷಿಯೇ ಆಯಿತು. ಹಾಗಾಗಿ ಕೈಬಣ್ಣ ಹಾಕಿದ ಹಳೆಯ ಪಟದ ಬಣ್ಣವನ್ನು ಅಸಹಜವೆಂದು ತೆಗೆಯಲೂ ಬಾರದು. ನೀಲಿ ಆಕಾಶದ ವಿಷಯದಲ್ಲಿ ಮಾತ್ರ ಸ್ಟುಡಿಯೋದ ಪರ ವಾದಿಸಲಾರೆ. ತಲೆ ಉಳಿದು ಹಿನ್ನೆಲೆ ಹೋದಾಗ ಕಳೆದುಕೊಳ್ಳುವುದು ಏನೆಂದು ತಿಳಿಯಲು ಹಂಪಿಗೆ ಹೋಗೋಣ. ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ 1856ರಲ್ಲಿ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಗುಡಿಗಳ ಚಿತ್ರ ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಈಗ ಅದಿಲ್ಲ, 2017ರಿಂದ ನಮ್ಮ ಜೇಬಿನಲ್ಲಿರುವ 50 ರೂಪಾಯಿ ನೋಟಿನ ರಥಕ್ಕೂ ಅದಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದು ಹೋಲಿಸಲು ಸಾಧ್ಯವಾದದ್ದು ಆ ನೆಗೆಟಿವ್‌ಗಳನ್ನು ಯಾರೂ ಚೆಂದ ಮಾಡದೆ ಬಿಟ್ಟದ್ದರಿಂದ. ಕುಸಿಯುತ್ತಿದ್ದ ಆ ಇಟ್ಟಿಗೆ ಮುದ್ದೆಯನ್ನು ಕಲ್ಲಿನ ಚೆಲುವಿಗೆ ಅಡ್ಡಿಯೆಂದು ಅಳಿಸುವುದು ಇವತ್ತಿನ ಆ್ಯಪಿಗೆ ಒಂದು ಕ್ಷಣದ ಕೆಲಸ. ಮಲ್ಲತ್ತಹಳ್ಳಿಯ ಹಳೆಯ ಮನೆಯ ಮುಂದೆ ತೆಗೆಸಿದ ಪಟದಲ್ಲಿ ಅಜ್ಜನ ಹಿಂದೆ ಹುಲ್ಲಿನ ಬಣವೆಯೋ ಕಣವೋ ಇದ್ದರೆ, ಅಳಿಸಿದವರಿಗೆ ಅದು ಬರಿಯ ಗಲೀಜು. ಊರಿಗೆ ಅದು ಕಲ್ಲಿನ ರಥದ ಶಿಖರ.

ಇಟಲಿಯ ಚೆಸಾರೆ ಬ್ರಾಂದಿ 1963ರಲ್ಲಿ ಪ್ರಕಟಿಸಿದ ಜೀರ್ಣೋದ್ಧಾರದ ಗ್ರಂಥದಲ್ಲಿ ತಿದ್ದುವವರಿಗೆ ಒಂದು ನಿಯಮ ಇಟ್ಟಿದ್ದಾನೆ. ತುಂಬಿಸಿದ ಭಾಗ ದೂರದಿಂದ ನೋಡುವವರ ಕಣ್ಣಿಗೆ ಚುಚ್ಚಬಾರದು, ಹತ್ತಿರ ಬಂದವರಿಗೆ ಇದು ಆಮೇಲೆ ಸೇರಿಸಿದ್ದು ಎಂದು ತಿಳಿಯಬೇಕು. ಅವನು ಬರೆದದ್ದು ಕಲಾಕೃತಿಗಳನ್ನು ಕುರಿತು. ಆದರೂ ತಿಥಿಯ ಪಟಕ್ಕೆ ಇದು ಸರಿಹೊಂದುತ್ತದೆ. ಗೋಡೆಗೆ ತಿದ್ದಿದ ಪ್ರತಿ ಹೋಗಲಿ, ಅದರ ಹಿಂದೆ ಇದು ಯಾವ ವರ್ಷ ತಿದ್ದಿದ್ದು ಎಂದು ಬರೆದಿರಲಿ. ದೀಪ, ಹಾರ, ಕುಂಕುಮವನ್ನು ಆ ಪ್ರತಿಯೇ ಹೊರಲಿ. ಹಾಳಾದರೆ ಇನ್ನೊಂದು ಮುದ್ರಿಸಬಹುದು. ಮೂಲ ಫೋಟೋ ಮಾಸಿದ ಮುಖದೊಂದಿಗೆ ಲಕೋಟೆಯೊಳಗೆ, ಅಡುಗೆಮನೆ, ಬಚ್ಚಲುಗಳ ಪಕ್ಕದ ಗೋಡೆಯಿಂದ ದೂರದ ಕಪಾಟಿನಲ್ಲಿರಲಿ. ಪ್ರತಿಯಿದ್ದ ಮೇಲೆ ಮೂಲ ಏಕೆ ಎಂದು ಕೇಳುವವರಿಗೆ ಮನೆಯಲ್ಲಿರುವ ಮದುವೆ ಸಿ.ಡಿ.ಯನ್ನು ಹಾಕಿ ನೋಡಲು ಹೇಳಬೇಕು. ಇಪ್ಪತ್ತು ವರ್ಷದ ಆ ತಟ್ಟೆಯನ್ನು ಓದುವ ಯಂತ್ರವೇ ಹೊಸ ಲ್ಯಾಪ್‌ಟಾಪುಗಳಲ್ಲಿಲ್ಲ. ಅದೇ ಮನೆಯ ಎಂಬತ್ತು ವರ್ಷದ ಕಪ್ಪುಬಿಳುಪು ಫೋಟೋ ನೋಡಲು ಕಿಟಕಿ ತೆರೆದರೆ ಸಾಕು. ಸ್ಕ್ಯಾನ್ ಮಾಡಿದ ದಿನ ನಮಗೆ ಮುಖ್ಯವೆನಿಸದ್ದು, ಹಿಂಬದಿಯ ಸ್ಟುಡಿಯೋ ಮೊಹರು, ಕಾಗದದ ಅಂಚಿನ ವಿನ್ಯಾಸ, ಅಳಿಸಿಹೋದ ಒಂದು ತಾರೀಖು, ಮುಂದೆ ಯಾರಿಗೋ ಸುಳಿವಾಗಬಹುದು.

ಇದೆಲ್ಲ ಉಳ್ಳವರ ಮಾತು, ತಜ್ಞರ ಬಳಿ ಹೋಗಲು ನಮಗೆ ಹಣವೆಲ್ಲಿ ಎಂಬ ಆಕ್ಷೇಪವಿದ್ದರೆ, ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಹೆಚ್ಚಿನದು ಏನನ್ನೋ ಮಾಡದೆ ಬಿಡುವ ಕೆಲಸ ಎಂಬುದನ್ನು ನೆನಪಿಸಬೇಕು. ಬಿಡುವುದಕ್ಕೆ ಖರ್ಚಿಲ್ಲ. ತಜ್ಞರು ನಿಜವಾಗಿ ಬೇಕಾಗುವುದು ಕೆಲವೇ ಕಡೆ: ಗಾಜಿಗೆ ಅಂಟಿದ್ದು, ಪದರ ಚಕ್ಕೆಯೇಳುತ್ತಿರುವುದು, ಗಾಜಿನ ನೆಗೆಟಿವ್, ಟೇಪು ಮುಖದ ಮೇಲೇ ಕಚ್ಚಿಕೊಂಡದ್ದು. ಕಲೆ, ದಾಖಲೆಗಳ ಸಂರಕ್ಷಣೆ ಮಾಡುವವರು ನಮ್ಮಲ್ಲೇ ಇದ್ದಾರೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಸಂಸ್ಥೆ ನಡೆಸಿಕೊಂಡು ಬಂದ ಸಂರಕ್ಷಣಾ ಕೇಂದ್ರ ಬೆಂಗಳೂರಿನವರಿಗೆ ಹೊಸದಲ್ಲ. ಅಲ್ಲಿಯವರೆಗೆ ಹೋಗಲಾಗದಿದ್ದರೆ ಲಕೋಟೆಯಲ್ಲಿಟ್ಟು ಕಾಯಿರಿ. ಒಣಗಿದ, ತಂಪಾದ, ಕತ್ತಲೆಯ ಜಾಗದಲ್ಲಿ ಹಾಳಾದ ಫೋಟೋ ಇನ್ನೊಂದು ತಲೆಮಾರು ಸುಮ್ಮನೆ ಕಾಯಬಲ್ಲದು.

ಆದರೆ ಕಾಯಲಾರದ ಒಂದು ದುರಸ್ತಿಯಿದೆ, ಅದಕ್ಕೆ ಅಂಟೂ ಬೇಡ, ಬ್ರಷ್ಷೂ ಬೇಡ. ಫೋಟೋದಲ್ಲಿರುವವರು ಯಾರು ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಪ್ರತಿಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಅವರ ಮುಂದೆ ಹಿಡಿಯಿರಿ. ಹಳೆಯ ಕಾಗದದ ಫೋಟೋ ಆದರೆ ಹಿಂಬದಿಯ ಅಂಚಿನಲ್ಲಿ, ಗಟ್ಟಿ ಹಲಗೆಯ ಮೇಲಿಟ್ಟು, ಮೆತ್ತನೆಯ ಸೀಸದಕಡ್ಡಿಯಿಂದ ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂದಕ್ಕೆ ಮೂಡುತ್ತದೆ. ಜಾರುವ ಕಲರ್ ಫೋಟೋ ಆದರೆ ಅದರ ಮೇಲೆ ಬರೆಯದೆ ಲಕೋಟೆಯ ಮೇಲೆ, ಫೋಟೋ ಒಳಗೆ ಹಾಕುವುದಕ್ಕೆ ಮೊದಲೇ ಬರೆಯಿರಿ. ಎಡದಿಂದ ಬಲಕ್ಕೆ, ನಿಂತವರು ಮೊದಲು, ಕೂತವರು ಆಮೇಲೆ. ಹೆಸರು, ಸಂಬಂಧ, ಊರು, ಗೊತ್ತಿದ್ದರೆ ವರ್ಷ. ಹೇಳುವವರು ಒಂದು ಮುಖದ ಹತ್ತಿರ ತಡೆದರೆ ಆ ಜಾಗವನ್ನು ಖಾಲಿ ಬಿಟ್ಟು ಮುಂದಿನವರ ಹೆಸರು ಕೇಳಿ.